ಒಲೆಯೂ ಅದೇ, ಬೆಟ್ಟವೂ ಅದೇ

ಯಾವ ಭಾಷೆಯಲ್ಲಿಯಾದರೂ ಅತಿ ಹೆಚ್ಚು ದುಡಿಯುವ ಮಾತುಗಳು ದೊಡ್ಡ ಮಾತುಗಳಲ್ಲ. ಒಂದೆರಡು ಅಕ್ಷರದ ಸಣ್ಣ ಮಾತುಗಳು. ಪಂಡಿತರ ಸಭೆಯಲ್ಲಿ ಅವುಗಳಿಗೆ ಮಣೆ ಹಾಕುವವರಿಲ್ಲ. ಆದರೆ ಮನೆ, ಸಂತೆ, ಕಚೇರಿ, ಶಾಲೆ, ಎಲ್ಲಿಯೂ ಅವುಗಳಿಲ್ಲದೆ ಕೆಲಸ ಸಾಗದು. ಇಂಗ್ಲಿಷಿನ ‘ರೇಂಜ್’ ಎಂಬುದು ಅಂಥ ಒಂದು ಮಾತು. ಇಂಗ್ಲಿಷರ ಅಡುಗೆಯ ಮನೆಯಲ್ಲಿ ಅದಕ್ಕೆ ಒಲೆಯೆಂದು ಅರ್ಥ. ಆ ಮನೆಯ ಕಿಟಕಿಯಿಂದ ಹೊರಗೆ ನೋಡಿದರೆ ಕಾಣುವ ಬೆಟ್ಟಗಳ ಸಾಲಿಗೂ ಅದೇ ಹೆಸರು. ಬೆಟ್ಟದ ತಪ್ಪಲಿನಲ್ಲಿ ದನಕರು ಮೇಯುವ ವಿಶಾಲವಾದ ಬಯಲಿಗೂ ಅದೇ ಹೆಸರು. ಆ ಬಯಲಿನಲ್ಲಿ ಸಿಪಾಯಿಗಳು ಗುರಿಯಿಟ್ಟು ಹೊಡೆಯುವುದನ್ನು ಕಲಿತರೆ, ಕಲಿಯುವ ಸ್ಥಳವೂ ‘ರೇಂಜ್’, ಅವರ ಗುಂಡು ಹಾರಿ ಮುಟ್ಟುವ ದೂರವೂ ‘ರೇಂಜ್’. ಗಾಯಕನ ಕಂಠದ ಏರಿಳಿತ, ಸರಕಿನ ಬೆಲೆಯ ಹೆಚ್ಚುಕಡಿಮೆ, ಗಣಿತದ ಪುಸ್ತಕದ ಒಂದು ಲೆಕ್ಕ, ಇವೂ ಅದೇ. ಕೊನೆಗೆ ಗೊತ್ತುಗುರಿಯಿಲ್ಲದೆ ಅಲೆದಾಡುವ ಕ್ರಿಯೆಗೂ ಆ ಮಾತೇ ಸಲ್ಲುತ್ತದೆ.

ಇದು ಇಂಗ್ಲಿಷರ ಮನೆಯ ವಿಚಾರ, ನಮಗೇಕೆ ಎಂದು ವಾಚಕರು ಕೇಳಬಹುದು. ಆದರೆ ಈ ಮಾತು ನಮ್ಮ ಮನೆಯೊಳಕ್ಕೆ ಬಂದು ಬಹಳ ಕಾಲವಾಯಿತು. ಮಲೆನಾಡಿನವರಿಗೆ ‘ರೇಂಜರು’ ಯಾರೆಂದು ಹೇಳಿಕೊಡಬೇಕಾಗಿಲ್ಲ. ಕರಾವಳಿಯಲ್ಲಿ ಮೊಬೈಲು ದೂರವಾಣಿ ಕೆಲಸ ಮಾಡದಿದ್ದರೆ ‘ರೇಂಜ್ ಇಲ್ಲ’ ಎನ್ನುತ್ತಾರೆ. ವಿದ್ಯುತ್ತಿನ ಸ್ಕೂಟರು ಕೊಳ್ಳಹೋದವರು ಒಮ್ಮೆ ಚಾರ್ಜು ಮಾಡಿದರೆ ‘ರೇಂಜ್’ ಎಷ್ಟು ಎಂದು ಮೊದಲು ಕೇಳುತ್ತಾರೆ. ‘ಅವನ ರೇಂಜೇ ಬೇರೆ’ ಎಂಬುದು ತರುಣರ ಬಾಯಲ್ಲಿ ಸಲೀಸಾದ ಮಾತು. ಹೀಗೆ ಬಂದ ಮಾತಿಗೆ ಕನ್ನಡದಲ್ಲಿ ಏನೆನ್ನಬೇಕು ಎಂಬ ಪ್ರಶ್ನೆ ಎದ್ದಾಗ ನಾವು ಸಾಮಾನ್ಯವಾಗಿ ನಿಘಂಟನ್ನು ತೆರೆದು, ‘ವ್ಯಾಪ್ತಿ’ ಎಂಬ ಒಂದು ಮಾತನ್ನು ಎತ್ತಿಕೊಂಡು, ಎಲ್ಲ ಕಡೆಗೂ ಅದನ್ನೇ ಅಂಟಿಸಿ ಕೈತೊಳೆದುಕೊಳ್ಳುತ್ತೇವೆ. ಈ ಅಭ್ಯಾಸದಿಂದ ಆಗುವ ನಷ್ಟ ಬರಿಯ ಭಾಷೆಯ ನಷ್ಟವಲ್ಲ ಎಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಮಾತಿನ ಮೂಲವನ್ನು ನೋಡೋಣ. ಫ್ರಾನ್ಸ್ ದೇಶಕ್ಕೆ ಹೆಸರು ಕೊಟ್ಟ ಫ್ರಾಂಕರು ಜರ್ಮನ್ ಕುಲದ ಭಾಷೆಯನ್ನಾಡುವ ಜನ. ಅವರಲ್ಲಿ ಬಳೆಗೆ, ಸುತ್ತಿಗೆ ‘ಹ್ರಿಂಗ್’ ಎಂಬ ಶಬ್ದವಿತ್ತು. ಇಂಗ್ಲಿಷಿನ ‘ರಿಂಗ್’ ಅದರ ದಾಯಾದಿ. ಫ್ರಾಂಕರ ಮಾತು ಹಳೆಯ ಫ್ರೆಂಚಿಗೆ ಇಳಿದಾಗ ಅರ್ಥ ಸ್ವಲ್ಪ ಜರುಗಿ, ಸುತ್ತು ಹೋಗಿ ಸಾಲು ಬಂತು. ಆ ಸಾಲಿನಿಂದಲೇ ಇಂಗ್ಲಿಷಿನ ‘ರೇಂಜ್’ ಹುಟ್ಟಿತು. ಪರೀಕ್ಷೆಯ ಫಲಿತಾಂಶದ ದಿನ ನಮ್ಮ ಮಕ್ಕಳು ಜಪಿಸುವ ‘ರ‍್ಯಾಂಕ್’ ಹುಟ್ಟಿತು. ಸಾಲಾಗಿ ಜೋಡಿಸು ಎನ್ನುವ ‘ಅರೇಂಜ್’ ಹುಟ್ಟಿತು. ಸಾಲು ಕೆಡಿಸು ಎಂಬುದರಿಂದ ಹುಟ್ಟಿದ ‘ಡಿರೇಂಜ್’ ಎಂಬುದು ಬುದ್ಧಿ ಸ್ಥಿಮಿತ ತಪ್ಪಿದವರನ್ನು ಸೂಚಿಸುವಲ್ಲಿಗೆ ಹೋಗಿ ನಿಂತಿತು. ಸಾಲಿನ ಉದ್ದಕ್ಕೂ ನಡೆ ಎಂಬ ಅರ್ಥದಿಂದ ತಿರುಗಾಡು ಎಂಬ ಅರ್ಥ ಬಂತು. ತಿರುಗಾಡುವುದಕ್ಕೆ ಇರುವ ಎಡೆ, ತಿರುಗಿ ಮುಟ್ಟಬಹುದಾದ ಮೇರೆ, ಎರಡು ಮೇರೆಗಳ ನಡುವಣ ಅಂತರ, ಹೀಗೆ ಒಂದರಿಂದೊಂದು ಕವಲೊಡೆದವು. ಹೊರಗಿನಿಂದ ನೋಡುವವರಿಗೆ ಒಲೆಗೂ ಬೆಟ್ಟಕ್ಕೂ ಸಂಬಂಧ ಕಾಣದಿದ್ದರೂ, ಒಳಗೆ ನೋಡಿದರೆ ಎಲ್ಲವೂ ಒಂದೇ ಬೇರಿನ ಚಿಗುರುಗಳು.

ಇಲ್ಲಿ ಒಂದು ವಿವೇಕವನ್ನು ಇಟ್ಟುಕೊಳ್ಳಬೇಕು. ಒಂದೇ ಮಾತು ಹಲವು ಅರ್ಥಗಳನ್ನು ತಳೆಯುವುದು ಬೇರೆ. ಹಲವು ಮಾತುಗಳು ಆಕಸ್ಮಿಕವಾಗಿ ಒಂದೇ ರೂಪವನ್ನು ತಳೆಯುವುದು ಬೇರೆ. ನಮ್ಮ ‘ಸಾಲು’ ಎಂಬುದನ್ನೇ ನೋಡಿ. ಸಾಲುಮರ, ನೇಗಿಲ ಸಾಲು, ಬರೆವಣಿಗೆಯ ಸಾಲು, ಇವೆಲ್ಲ ಅಚ್ಚಗನ್ನಡದ ಒಂದೇ ಮಾತು. ಆದರೆ ಸರ್ಕಾರದ ‘ಈ ಸಾಲಿನ ಆಯವ್ಯಯ’ ಎನ್ನುವಲ್ಲಿನ ಸಾಲು ವರ್ಷವೆಂಬ ಅರ್ಥದ ಪಾರಸಿಯ ಮಾತು. ದಫ್ತರದ ದಾರಿಯಿಂದ ಬಂದು ನಮ್ಮದರ ಪಕ್ಕದಲ್ಲಿ ಕುಳಿತಿದೆ. ‘ಇದು ಸಾಲದು’ ಎನ್ನುವಲ್ಲಿರುವುದು ಸಾಕಾಗು ಎಂಬ ಅರ್ಥದ ಮತ್ತೊಂದು ಸಾಲು. ‘ರೇಂಜ್’ ಹಾಗಲ್ಲ. ಅದು ಒಂದೇ ಮಾತು. ಆದ್ದರಿಂದಲೇ ಅದರ ಒಂದು ಅರ್ಥದ ನೆರಳು ಮತ್ತೊಂದರ ಮೇಲೆ ಬೀಳುತ್ತಲೇ ಇರುತ್ತದೆ.

ಅಡುಗೆಯ ಮನೆಗೆ ಬರೋಣ. ಇಂಗ್ಲೆಂಡಿನಲ್ಲಿ ಒಲೆಯ ಅರ್ಥದಲ್ಲಿ ಈ ಮಾತಿನ ಬಳಕೆ ೧೫ನೆಯ ಶತಮಾನದಿಂದಲೇ ಉಂಟು. ಆಗಿನ ಒಲೆ ತೆರೆದ ಬೆಂಕಿಯದು. ಉರುವಲಿನ ಬಹುಪಾಲು ಹೊಗೆಯಾಗಿ ಹೋಗುತ್ತಿತ್ತು. ೧೭೯೦ರ ದಶಕದಲ್ಲಿ ಕೌಂಟ್ ರಂಫರ್ಡ್ ಎಂದು ಹೆಸರಾದ ಬೆಂಜಮಿನ್ ಥಾಮ್ಸನ್ ಎಂಬ ವಿಜ್ಞಾನಿ ಇಟ್ಟಿಗೆಯ ಕಟ್ಟಡದೊಳಗೆ ಬೆಂಕಿಯನ್ನು ಮುಚ್ಚಿಟ್ಟು ಶಾಖವನ್ನು ಉಳಿಸುವ ಒಲೆಗಳನ್ನು ರಚಿಸಿದನು. ೧೮೦೨ರಲ್ಲಿ ಜಾರ್ಜ್ ಬಾಡ್ಲಿ ಎಂಬ ಎರಕದವನು ಮೇಲ್ಭಾಗ ಮುಚ್ಚಿದ ಕಬ್ಬಿಣದ ‘ರೇಂಜ್’ಗೆ ಹಕ್ಕುಪತ್ರ ಪಡೆದನು. ೧೯೨೨ರಲ್ಲಿ, ಹತ್ತು ವರ್ಷ ಮೊದಲು ಸ್ಫೋಟವೊಂದರಲ್ಲಿ ಕಣ್ಣು ಕಳೆದುಕೊಂಡು, ಅದೇ ವರ್ಷ ಭೌತವಿಜ್ಞಾನದ ನೊಬೆಲ್ ಪಾರಿತೋಷಕವನ್ನೂ ಪಡೆದಿದ್ದ ಸ್ವೀಡನ್ನಿನ ಗುಸ್ತಾಫ್ ದಾಲೆನ್ ‘ಆಗಾ’ ಎಂಬ ಒಲೆಯನ್ನು ರೂಪಿಸಿದನು. ಈ ಎಲ್ಲ ಒಲೆಗಳ ಸಾಮಾನ್ಯ ಲಕ್ಷಣ, ಹಲವು ಪಾತ್ರೆಗಳು ಸಾಲಾಗಿ ಕುಳಿತು ಏಕಕಾಲದಲ್ಲಿ ಬೇಯುವುದು.

ಇದಕ್ಕೆ ಕನ್ನಡದಲ್ಲಿ ಮಾತಿಲ್ಲವೆ? ಬೇಕಾದಷ್ಟಿದೆ. ದೊಡ್ಡ ಒಲೆಯ ಪಕ್ಕದಲ್ಲಿ, ಅದರ ಉರಿಯ ಕುಡಿ ಹಾಯುವಂತೆ ಮತ್ತೊಂದು ಬಾಯಿಯಿಟ್ಟು ಕಟ್ಟಿದ ಒಲೆಗೆ ನಮ್ಮ ಹೆಂಗಸರು ಕೋಡೊಲೆ ಎಂದು ಹೆಸರಿಟ್ಟರು. ಅನ್ನ ದೊಡ್ಡ ಒಲೆಯ ಮೇಲೆ ಬೆಂದರೆ, ಸಾರೋ ಹಾಲೋ ಕೋಡೊಲೆಯ ಮೇಲೆ ಬಿಸಿಯಾಗಿರುತ್ತಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ಕುಮಾರ್ ರೆಡ್ಡಿಯವರು ೧೯೭೪ರಲ್ಲಿ ಆರಂಭಿಸಿದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಇದೇ ಮರ್ಮವನ್ನು ಹಿಡಿದು, ಮೂರು ಪಾತ್ರೆಗಳು ಕೂರುವ, ಹೊಗೆ ಕೊಳವೆಯುಳ್ಳ ಮಣ್ಣಿನ ಒಲೆಯನ್ನು ರೂಪಿಸಿತು. ಹಳ್ಳಿಹಳ್ಳಿಗೂ ಹೋದ ಆ ಒಲೆಗೆ ಜನ ‘ಅಸ್ತ್ರ ಒಲೆ’ ಎಂದರು. ಮೂಲಾರ್ಥದಲ್ಲಿ ಅದು ಅಪ್ಪಟ ‘ರೇಂಜ್’. ಆದರೆ ಯಾರೂ ಅದನ್ನು ಹಾಗೆ ಕರೆಯಲಿಲ್ಲ. ಕರೆಯುವ ಅವಶ್ಯಕತೆಯೂ ಬೀಳಲಿಲ್ಲ.

ಒಲೆಯನ್ನು ಬಿಟ್ಟು ಬೆಟ್ಟಕ್ಕೆ ಹೋದರೆ ನಮ್ಮ ಸಂಪತ್ತು ಇನ್ನೂ ಹೆಚ್ಚು. ಬೆಟ್ಟಸಾಲು, ಗಿರಿಪಂಕ್ತಿ, ಪರ್ವತಶ್ರೇಣಿ, ಮಲೆ, ಘಟ್ಟ, ಒಂದೊಂದಕ್ಕೂ ಒಂದೊಂದು ಛಾಯೆ. ಚಿಕ್ಕಮಗಳೂರಿನ ಹಿಂದೆ ನಿಂತಿರುವ ಬಾಬಾಬುಡನ್‌ಗಿರಿಯ ಶ್ರೇಣಿಗೆ ಚಂದ್ರದ್ರೋಣವೆಂಬ ಹಳೆಯ ಹೆಸರಿದೆ. ೬,೩೦೦ ಅಡಿಗೂ ಮಿಕ್ಕ ಮುಳ್ಳಯ್ಯನಗಿರಿಯನ್ನು ಒಳಗೊಂಡ ಈ ಶ್ರೇಣಿ ನೇರವಾದ ಸಾಲಲ್ಲ. ಬಿದಿಗೆಯ ಚಂದ್ರನಂತೆ ಬಾಗಿ ಅರ್ಧ ಬಳೆಯಾಗಿದೆ. ಬಳೆ ಸಾಲಾದುದು ಫ್ರೆಂಚರ ಭಾಷೆಯಲ್ಲಿ. ಇಲ್ಲಿ ಸಾಲೇ ಬಳೆಯಾಗಿದೆ. ನಮ್ಮ ಹಿರಿಯರು ಅದನ್ನು ಕಣ್ಣಾರೆ ಕಂಡು ಹೆಸರಿಟ್ಟರು. ನಿಘಂಟನ್ನು ನೋಡಿ ಇಟ್ಟದ್ದಲ್ಲ.

ಆ ಬೆಟ್ಟಗಳ ಕಾಡಿನೊಳಗೆ ಕಾಲಿಟ್ಟರೆ ‘ರೇಂಜರು’ ಎದುರಾಗುತ್ತಾರೆ. ಇಂಗ್ಲೆಂಡಿನ ರಾಜರ ಬೇಟೆಯ ಕಾಡುಗಳಲ್ಲಿ ಸುತ್ತಾಡಿ ಕಾವಲು ಮಾಡುತ್ತಿದ್ದವನು ‘ರೇಂಜರ್’. ಅವನು ಸುತ್ತುವ ಕಾಡಿನ ತುಂಡು ‘ರೇಂಜ್’. ಬ್ರಿಟಿಷರು ೧೮೬೪ರಲ್ಲಿ ಡೀಟ್ರಿಚ್ ಬ್ರಾಂಡಿಸ್ ಅವರನ್ನು ಭಾರತದ ಅರಣ್ಯಗಳ ಮುಖ್ಯಸ್ಥರನ್ನಾಗಿ ನೇಮಿಸಿ, ೧೮೭೮ರಲ್ಲಿ ಡೆಹರಾಡೂನಿನಲ್ಲಿ ಅರಣ್ಯಶಾಲೆ ತೆರೆದ ಮೇಲೆ ಈ ಪದವಿ ನಮ್ಮ ಕಾಡುಗಳಲ್ಲಿ ಬೇರೂರಿತು. ಕರ್ನಾಟಕ ಸರ್ಕಾರ ಕನ್ನಡದಲ್ಲಿ ವ್ಯವಹರಿಸತೊಡಗಿದಾಗ ಇವರು ‘ವಲಯ ಅರಣ್ಯಾಧಿಕಾರಿ’ಗಳಾದರು. ವಲಯವೆಂದರೆ ಸಂಸ್ಕೃತದಲ್ಲಿ ಬಳೆ, ಕಡಗ, ಸುತ್ತು. ಫ್ರಾಂಕರ ‘ಹ್ರಿಂಗ್’ ಕೂಡ ಅದೇ! ಸಾವಿರ ವರ್ಷಗಳಿಗೂ ಮೇಲ್ಪಟ್ಟು ಸಾಲಾಗಿ, ಅಲೆದಾಟವಾಗಿ, ಎಲ್ಲೆಯಾಗಿ ಸುತ್ತಿಬಂದ ಮಾತನ್ನು ನಮ್ಮ ಕಚೇರಿಯ ಅನುವಾದಕರು ತಿಳಿದೋ ತಿಳಿಯದೆಯೋ ತವರುಮನೆಗೆ ತಂದು ಬಿಟ್ಟಿದ್ದಾರೆ. ಈ ಅನುವಾದವನ್ನು ಮೆಚ್ಚಬೇಕು.

ಆದರೆ ಮೆಚ್ಚುಗೆಯ ಬೆನ್ನಿಗೆ ತೊಡಕೂ ಇದೆ. ಪೊಲೀಸು ಇಲಾಖೆಯ ‘ರೇಂಜ್’ ಕೂಡ ವಲಯವಾಯಿತು. ರೈಲ್ವೆಯವರ ‘ಜೋನ್’ ಕೂಡ ವಲಯವೇ ಆಯಿತು. ಅರ್ಥಶಾಸ್ತ್ರದ ‘ಸೆಕ್ಟರ್’ ಸಹ ಕೃಷಿ ವಲಯ, ಸೇವಾ ವಲಯ ಎಂದು ಅಲ್ಲಿಯೇ ಬಂದು ಸೇರಿತು. ಇಂಗ್ಲಿಷಿನ ಒಂದು ಮಾತಿಗೆ ಹತ್ತು ಅರ್ಥವೆಂದು ನಾವು ಅಚ್ಚರಿಪಡುತ್ತಿರುವಾಗಲೇ ಅವರ ಹಲವು ಮಾತುಗಳನ್ನು ನಮ್ಮ ಒಂದೇ ಮಾತಿನ ಮೇಲೆ ಹೇರಿದ್ದೇವೆ. ‘ವ್ಯಾಪ್ತಿ’ಯ ಗತಿಯೂ ಇದೇ. ಶಾಲೆಯ ಗಣಿತದಲ್ಲಿ ಊರಿನ ಒಂದು ದಿನದ ಉಷ್ಣತೆ ೧೯ರಿಂದ ೩೪ ಡಿಗ್ರಿಯವರೆಗೆ ಇದ್ದರೆ ಅದರ ‘ರೇಂಜ್’ ೧೫. ಹೆಚ್ಚಿನದರಲ್ಲಿ ಕಡಿಮೆಯದನ್ನು ಕಳೆದು ಉಳಿದ ಒಂದು ಅಂಕಿ ಅದು. ವ್ಯಾಪ್ತಿ ಎಂದೊಡನೆ ಹುಡುಗನ ಮನಸ್ಸಿನಲ್ಲಿ ಮೂಡುವುದು ಹರಡಿಕೊಂಡ ಎಡೆ. ಕಳೆದು ಉಳಿದ ಅಂಕಿಯಲ್ಲ. ‘೧೯ರಿಂದ ೩೪’ ಎಂದು ಉತ್ತರ ಬರೆದು ಅವನು ಅಂಕ ಕಳೆದುಕೊಂಡರೆ, ಲೆಕ್ಕ ಬಾರದವನೆಂದು ಅವನನ್ನು ಜರೆಯುವುದು ನ್ಯಾಯವಲ್ಲ. ಅವನು ಕನ್ನಡವನ್ನು ಸರಿಯಾಗಿಯೇ ತಿಳಿದಿದ್ದಾನೆ. ಮಾತನ್ನು ಆಯ್ದವರು ಅದರ ಮಿತಿಯನ್ನು ಪಾಠದಲ್ಲಿ ಸ್ಪಷ್ಟವಾಗಿ ಗೊತ್ತುಮಾಡಬೇಕಾಗಿತ್ತು.

ದೂರದ ಅರ್ಥಕ್ಕೆ ಬಂದರೆ ನಮ್ಮ ಜನದ ಬಾಯಲ್ಲಿ ಎಂಥ ಸೊಗಸಾದ ಮಾತುಗಳಿವೆ! ಧ್ವನಿ ಮುಟ್ಟುವಷ್ಟು ದೂರಕ್ಕೆ ‘ಕೂಗಳತೆ’. ದೃಷ್ಟಿ ಮುಟ್ಟುವಷ್ಟಕ್ಕೆ ‘ಕಣ್ಣು ಹರಿಯುವಷ್ಟು ದೂರ’. ಕೈಗೆ ಸಿಕ್ಕುವುದಕ್ಕೆ ‘ಎಟುಕು’. ಅದಕ್ಕೂ ಮಿಕ್ಕುದಕ್ಕೆ ‘ಕಲ್ಲೆಸೆತ’. ಇಲ್ಲಿ ಅಳೆಯುವ ಕೋಲು ಮನುಷ್ಯನ ಮೈಯೇ. ‘ಕೂಗಳತೆಯಲ್ಲಿದ್ದಾನೆ’ ಎಂದರೆ ದೂರವೂ ತಿಳಿಯುತ್ತದೆ, ಕರೆದರೆ ಬರುತ್ತಾನೆಂಬ ಧೈರ್ಯವೂ ತಿಳಿಯುತ್ತದೆ. ‘ಕೇಳುವ ವ್ಯಾಪ್ತಿಯಲ್ಲಿದ್ದಾನೆ’ ಎಂದರೆ ಎರಡನೆಯದು ಹಾರಿಹೋಗುತ್ತದೆ. ಸಂಗೀತದಲ್ಲಿಯೂ ಹಾಗೆಯೇ. ಮಂದ್ರ, ಮಧ್ಯ, ತಾರ ಎಂಬ ಮೂರು ಸ್ಥಾಯಿಗಳಲ್ಲಿ ಸಲೀಸಾಗಿ ಸಂಚರಿಸುವ ಶಾರೀರ ಎಂದು ನಮ್ಮ ರಸಿಕರು ಹೇಳುತ್ತಾರೆ. ‘ರೇಂಜ್’ ಎಂಬ ಮಾತಿನೊಳಗಿನ ಅಲೆದಾಟ ಆ ‘ಸಂಚಾರ’ದಲ್ಲಿ ತಾನಾಗಿಯೇ ಬಂದಿದೆ.

ಇದುವರೆಗೆ ಹೇಳಿದುದು ಬಹುಮಟ್ಟಿಗೆ ವಿನೋದದ, ಹೆಚ್ಚೆಂದರೆ ಪಾಠದ ವಿಷಯ. ಇನ್ನು ಹೇಳಬೇಕಾದುದು ಹಾಗಲ್ಲ.

ಅಮೆರಿಕದ ಪಶ್ಚಿಮದ ಬಯಲುಗಳಲ್ಲಿ ‘ರೇಂಜ್’ ಎಂದರೆ ದನಗಳು ಬೇಲಿಯಿಲ್ಲದೆ ಮೇಯುವ ಹುಲ್ಲಿನ ನೆಲ. ‘ಹೋಂ ಆನ್ ದ ರೇಂಜ್’ ಎಂಬುದು ೧೯೪೭ರಲ್ಲಿ ಕ್ಯಾನ್ಸಸ್ ರಾಜ್ಯದ ನಾಡಗೀತೆಯಾದ ಹಾಡು. ಅಡುಗೆಯ ಮನೆಯ ಅರ್ಥ ಮಾತ್ರ ಬಲ್ಲವನು ಅದನ್ನು ‘ಒಲೆಯ ಮೇಲಿನ ಮನೆ’ ಎಂದು ಓದಿಕೊಂಡರೆ ನಗು ಬಂದೀತು. ೧೮೭೪ರಲ್ಲಿ ಜೋಸೆಫ್ ಗ್ಲಿಡನ್ ಮುಳ್ಳುತಂತಿಗೆ ಹಕ್ಕುಪತ್ರ ಪಡೆದನು. ಆ ತಂತಿ ಬಯಲನ್ನು ತುಂಡುತುಂಡಾಗಿ ಸೀಳಿತು. ಕೆಲವೇ ವರ್ಷಗಳಲ್ಲಿ ತೆರೆದ ‘ರೇಂಜ್’ ಮುಗಿಯಿತು. ಮಾತು ಮಾತ್ರ ಹಾಡಿನಲ್ಲಿ ಉಳಿಯಿತು.

ಅಂಥ ಬಯಲು ನಮ್ಮಲ್ಲಿಯೂ ಉಂಟು. ಅದಕ್ಕೆ ನಮ್ಮ ಹೆಸರು ‘ಕಾವಲು’. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ಹಸುಗಳಿಗಾಗಿ ‘ಬೆಣ್ಣೆ ಚಾವಡಿ’ ಎಂಬ ಇಲಾಖೆಯಿತ್ತು. ಟಿಪ್ಪು ಸುಲ್ತಾನನು ಅದಕ್ಕೆ ‘ಅಮೃತ ಮಹಲ್’ ಎಂದು ಹೆಸರಿಟ್ಟನು. ಆ ತಳಿಯ ದನಗಳಿಗಾಗಿ ಚಿತ್ರದುರ್ಗ, ತುಮಕೂರು, ಹಾಸನ, ಚಿಕ್ಕಮಗಳೂರು ಸೀಮೆಗಳಲ್ಲಿ ಹುಲ್ಲುನೆಲಗಳನ್ನು ಮೀಸಲಿಟ್ಟು, ಬೇಸಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ಋತುವಿಗೆ ತಕ್ಕಂತೆ ವಿಂಗಡಿಸಿದ್ದರು. ಕಾವಲು ಎಂದರೆ ಕಾಯುವುದು. ಹುಲ್ಲು ಬೀಜ ಕಟ್ಟುವವರೆಗೆ ಕಾಯಬೇಕು, ಬೆಂಕಿ ಬೀಳದಂತೆ ಕಾಯಬೇಕು, ಹೊತ್ತಲ್ಲದ ಹೊತ್ತಿನಲ್ಲಿ ಮೇಯದಂತೆ ಕಾಯಬೇಕು. ‘ಹುಲ್ಲುಗಾವಲು’ ಎಂದು ನಾವು ದಿನವೂ ಬಳಸುವ ಮಾತಿನ ಒಳಗಿರುವುದೂ ಈ ಕಾವಲೇ. ಇಂಗ್ಲಿಷಿನ ಮಾತಿನಲ್ಲಿ ದನ ಅಲೆಯುತ್ತದೆ. ಕನ್ನಡದ ಮಾತಿನಲ್ಲಿ ಮನುಷ್ಯ ಕಾಯುತ್ತಾನೆ. ಒಂದು ನೆಲವನ್ನು ಉಳಿಸಿಕೊಳ್ಳುವ ನಿಯಮವನ್ನೇ ಹೆಸರಾಗಿ ಇಟ್ಟಿರುವ ಮಾತು ಇದು.

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕು ಕುರಿಗೂ ಕಂಬಳಿಗೂ ಪ್ರಸಿದ್ಧವಾದ ಸೀಮೆ. ಅಲ್ಲಿನ ವರವು, ಉಳ್ಳಾರ್ತಿ, ಖುದಾಪುರ ಮೊದಲಾದ ಅಮೃತ ಮಹಲ್ ಕಾವಲುಗಳಲ್ಲಿ ಸುಮಾರು ೧೦,೦೦೦ ಎಕರೆಯಷ್ಟು ನೆಲವನ್ನು ಈ ಶತಮಾನದ ಮೊದಲ ದಶಕದ ಕೊನೆಯಲ್ಲಿ ರಕ್ಷಣೆ, ಅಣುವಿಜ್ಞಾನ, ಬಾಹ್ಯಾಕಾಶ ಮುಂತಾದ ಸಂಶೋಧನೆಗಳಿಗೆಂದು ಹಂಚಲಾಯಿತು. ಸುತ್ತಣ ಹಳ್ಳಿಗಳ ಕುರಿಗಾಹಿಗಳ ದಾರಿ ಗೋಡೆಗೆ ತಾಗಿ ನಿಂತಿತು. ೨೦೧೩ರ ವೇಳೆಗೆ ಈ ವಿವಾದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದಿತ್ತು. ೨೦೧೭ರ ಮೇ ತಿಂಗಳಲ್ಲಿ ಅಲ್ಲಿ ‘ಏರೋನಾಟಿಕಲ್ ಟೆಸ್ಟ್ ರೇಂಜ್’ ಉದ್ಘಾಟನೆಯಾಯಿತು. ೨೦೨೩ರ ಏಪ್ರಿಲಿನಲ್ಲಿ ಇಸ್ರೋ ಸಂಸ್ಥೆ ಮರುಬಳಕೆಯ ಉಡಾವಣಾ ವಾಹನವನ್ನು ಆಕಾಶದಿಂದ ಬಿಟ್ಟು ಆ ಓಡುಹಾದಿಯ ಮೇಲೆಯೇ ಇಳಿಸಿತು. ಹೀಗೆ ದನಕುರಿಗಳ ‘ರೇಂಜ್’ ಇದ್ದ ಕಡೆ ವಿಮಾನಗಳ ‘ರೇಂಜ್’ ಬಂತು. ಇಂಗ್ಲಿಷಿನಲ್ಲಿ ಹೇಳಿದರೆ ಏನೂ ಬದಲಾಗಲೇ ಇಲ್ಲ! ಕನ್ನಡದಲ್ಲಿ ಹೇಳಿದಾಗಲೇ ಅಲ್ಲಿ ಏನು ಹೋಯಿತು, ಏನು ಬಂತು ಎಂಬುದು ಕಾಣುತ್ತದೆ.

ಸಂಶೋಧನೆ ಬೇಡವೆನ್ನುವ ಹಠ ನಮಗಿಲ್ಲ. ದೇಶಕ್ಕೆ ವಿಮಾನವೂ ಬೇಕು, ಉಪಗ್ರಹವೂ ಬೇಕು. ಆದರೆ ನೆಲವೊಂದನ್ನು ಕೊಡುವ ಮೊದಲು ಅದನ್ನು ಯಾವ ಹೆಸರಿನಿಂದ ಕರೆದೆವು ಎಂಬುದನ್ನು ಕೇಳಲೇಬೇಕಾಗಿದೆ. ಹುಲ್ಲುನೆಲಗಳನ್ನು ‘ಪಾಳುಭೂಮಿ’ ಎಂಬ ತಲೆಬರಹದ ಅಡಿಯಲ್ಲಿ ಸೇರಿಸುವ ವಾಡಿಕೆ ಬ್ರಿಟಿಷರ ಕಾಲದಿಂದ ಬಂದದ್ದು. ಉಳದ ನೆಲದಿಂದ ಕಂದಾಯವಿಲ್ಲ, ಕಂದಾಯವಿಲ್ಲದ್ದು ಪಾಳು ಎಂಬುದು ಅವರ ಲೆಕ್ಕ. ನಮ್ಮ ಹಳ್ಳಿಗಳಲ್ಲಿ ಅದಕ್ಕೆ ಗೋಮಾಳ, ಹುಲ್ಲುಬನ್ನಿ, ಗಾಯರಾಣ, ಕಾವಲು ಎಂದು ಬೇರೆ ಬೇರೆ ಹೆಸರುಗಳಿದ್ದವು. ಗೋಮಾಳವೆಂದರೆ ಅದು ಊರ ದನದ್ದು ಎಂದು ಮಗುವಿಗೂ ಗೊತ್ತು. ಪಾಳು ಎಂದರೆ ಅದು ಯಾರದೂ ಅಲ್ಲ. ಯಾರದೂ ಅಲ್ಲದ್ದನ್ನು ಯಾರಿಗಾದರೂ ಕೊಡಬಹುದು. ಹೆಸರು ಬದಲಾದ ದಿನವೇ ನೆಲ ಅರ್ಧ ಕೈಬಿಟ್ಟಂತೆ. ಮಿಕ್ಕುದು ಬರಿಯ ಕಾಗದದ ಕೆಲಸ.

ಪ್ರಾಚೀನರು ಈ ಬಗೆಯ ಮಾತುಗಳನ್ನು ಬಹಳ ಎಚ್ಚರದಿಂದ ಕಂಡಿದ್ದರು. ಅಮರಕೋಶದಲ್ಲಿ ಹಲವು ಅರ್ಥದ ಮಾತುಗಳಿಗಾಗಿಯೇ ನಾನಾರ್ಥವರ್ಗವೆಂಬ ಭಾಗವಿದೆ. ಅಂಥ ಮಾತಿನ ಅರ್ಥವನ್ನು ನಿರ್ಣಯಿಸುವ ಸಾಧನಗಳನ್ನು ಭರ್ತೃಹರಿ ವಾಕ್ಯಪದೀಯದಲ್ಲಿ ಎಣಿಸುತ್ತಾನೆ. ಅವುಗಳಲ್ಲಿ ಪ್ರಕರಣ, ಅಂದರೆ ಸಂದರ್ಭ, ಮುಖ್ಯವಾದದ್ದು. ಸೈಂಧವವೆಂದರೆ ಉಪ್ಪೂ ಹೌದು, ಸಿಂಧೂದೇಶದ ಕುದುರೆಯೂ ಹೌದು. ಊಟಕ್ಕೆ ಕುಳಿತ ಯಜಮಾನ ಸೈಂಧವ ತಾ ಎಂದರೆ ಉಪ್ಪು ತರಬೇಕು. ಪ್ರಯಾಣಕ್ಕೆ ಹೊರಟು ನಿಂತಾಗ ಅದನ್ನೇ ಹೇಳಿದರೆ ಕುದುರೆ ತರಬೇಕು. ಶಾಸ್ತ್ರದ ಪಾಠಗಳಲ್ಲಿ ಬಹುಕಾಲದಿಂದ ಬಂದ ಈ ಉದಾಹರಣೆ ಇಂದಿನ ಅನುವಾದಕನಿಗೆ, ಅದಕ್ಕಿಂತ ಹೆಚ್ಚಾಗಿ ಅನುವಾದದ ಯಂತ್ರಕ್ಕೆ, ಇಂದಿಗೂ ಪಾಠವೇ. ಊಟದ ಎಲೆಯ ಮುಂದೆ ಕುದುರೆಯನ್ನು ತಂದು ನಿಲ್ಲಿಸಿದ ಅನುವಾದಗಳನ್ನು ನಾವು ದಿನವೂ ಓದುತ್ತಿದ್ದೇವೆ.

ಇಂಗ್ಲಿಷನ್ನು ಹಳಿದು ಫಲವಿಲ್ಲ. ನಮ್ಮ ‘ಕಟ್ಟು’ ಎಂಬ ಮಾತನ್ನು ಇಂಗ್ಲಿಷಿಗೆ ಒಯ್ಯಹೊರಟವನ ಪಾಡೂ ಇದೇ. ಮನೆ ಕಟ್ಟುತ್ತೇವೆ, ಹಸು ಕಟ್ಟುತ್ತೇವೆ, ಬುತ್ತಿ ಕಟ್ಟುತ್ತೇವೆ, ಕಂದಾಯ ಕಟ್ಟುತ್ತೇವೆ, ಇಲ್ಲದ ಕಥೆಯನ್ನೂ ಕಟ್ಟುತ್ತೇವೆ. ಬೇಳೆ ಬೆಂದ ಮೇಲೆ ಬಸಿದ ಕಟ್ಟಿನಿಂದ ಹೋಳಿಗೆಯ ದಿನ ಸಾರು ಮಾಡುತ್ತೇವೆ. ಪರದೇಶದವನು ಇದಕ್ಕೆಲ್ಲ ಒಂದೇ ಮಾತನ್ನು ಹುಡುಕಿದರೆ ನಾವು ನಗುತ್ತೇವೆ. ಅದೇ ನಗೆಗೆ ನಾವೂ ಪಾತ್ರರಾಗಬಾರದು.

ಆದ್ದರಿಂದ ಪಾಠಪುಸ್ತಕ ಬರೆಯುವವರು, ಕಚೇರಿಯ ಅನುವಾದಕರು, ನಿಘಂಟುಕಾರರು ಇಂಗ್ಲಿಷಿನ ಒಂದು ಮಾತಿಗೆ ಕನ್ನಡದ ಒಂದು ಮಾತು ಎಂಬ ವ್ರತವನ್ನು ಬಿಡುವುದು ಲೇಸು. ಪತ್ರಿಕೆಯಲ್ಲಿ ‘ಇಗೋ ಕನ್ನಡ’ ಅಂಕಣವನ್ನು ಬರೆದ ಜಿ. ವೆಂಕಟಸುಬ್ಬಯ್ಯನವರು ಓದುಗರ ಪ್ರಶ್ನೆಗಳ ಮೂಲಕ ಶಬ್ದಚರ್ಚೆಯನ್ನು ನಿಘಂಟಿನಿಂದ ಜನರ ನಡುವೆ ತಂದರು. ಆ ದಾರಿ ಮುಂದುವರಿಯಬೇಕು. ಮಾತನ್ನು ಅನುವಾದಿಸುವ ಮೊದಲು ಆ ವಸ್ತುವನ್ನು ಬಳಸುವವರು ಅದನ್ನು ಏನೆನ್ನುತ್ತಾರೆಂದು ವಿಚಾರಿಸಬೇಕು. ಒಲೆಯ ಹೆಸರು ಅಡುಗೆ ಮಾಡುವವರಲ್ಲಿದೆ, ಬಯಲಿನ ಹೆಸರು ಕುರಿ ಕಾಯುವವರಲ್ಲಿದೆ.

ವಿಶ್ವಸಂಸ್ಥೆಯು ೨೦೨೬ನೆಯ ವರ್ಷವನ್ನು ಅಂತರರಾಷ್ಟ್ರೀಯ ‘ರೇಂಜ್‌ಲ್ಯಾಂಡ್’ ಮತ್ತು ಪಶುಪಾಲಕರ ವರ್ಷವೆಂದು ಸಾರಿದೆ. ಸರ್ಕಾರದ ಪ್ರಕಟಣೆಗಳಲ್ಲಿ ಆ ಮಾತು ‘ವ್ಯಾಪ್ತಿ ಭೂಮಿ’ ಎಂದೋ ‘ಶ್ರೇಣಿ ಪ್ರದೇಶ’ ಎಂದೋ ಕಾಣಿಸಿಕೊಳ್ಳದಿರಲಿ. ಅದನ್ನು ಹುಲ್ಲುಗಾವಲು ಎಂದೇ ಬರೆಯಲಿ. ಕಂದಾಯದ ಕಡತಗಳಲ್ಲಿಯೂ, ಕಾವಲು ಇನ್ನೂ ಉಳಿದಿರುವ ಕಡೆಗಳಲ್ಲಿ, ಅದನ್ನು ಕಾವಲೆಂದೇ ಬರೆಯಲಿ.